ನಮ್ಮ ಮನೆಯ ನವಾಬ

ಮಣಿಕೊಂಡದ ನಮ್ಮ ಫ್ಲ್ಯಾಟಿನಲ್ಲಿ ಚಪ್ಪಲಿ ಸ್ಟ್ಯಾಂಡಿನ ಮೇಲ್ಗಡೆ ಒಬ್ಬ ನವಾಬನಿದ್ದ. ಅಂಗೈಯಗಲದ ಚಿತ್ರ, ತಲೆಗೆ ದರ್ಬಾರಿ ಪೇಟ, ಮೈಗೆ ಶೇರ್ವಾನಿ. ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ನಮ್ಮ ಜೊತೆಗೇ ಇದ್ದಾರೆ. ಅವರ ಅಜ್ಜ ಇದೇ ಊರಿನಲ್ಲಿ ನಿಜಾಮರ ಸರ್ಕಾರದಲ್ಲಿ ನೌಕರಿ ಮಾಡಿದವರು. ಚಿತ್ರ ಆ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದರಿಂದ, ಇದು ಅವರ ಸಾಹೇಬರದೇ ಎಂದು ಮನೆಮಂದಿ ತೀರ್ಮಾನಿಸಿಬಿಟ್ಟಿದ್ದರು.

ತಾನು ಹುಟ್ಟುವ ಮೊದಲೇ ತೀರಿಕೊಂಡ ಆ ಅಜ್ಜನ ಮುಖ ನೋಡಲಿಲ್ಲವೆಂಬುದು ಅತ್ತೆಯ ಜೀವಮಾನದ ಕೊರಗು. "ಸಾಹೇಬಂದು ಚಿತ್ರ ಜ್ವಾಕಿ ಮಾಡಿ ಇಟ್ಟಾರ, ತಮ್ಮದೊಂದು ತಗಿಸಿಕೊಂಡಿಲ್ಲ" ಎಂದು ಪ್ರತಿ ಶ್ರಾದ್ಧಕ್ಕೂ ಗೊಣಗುತ್ತಿದ್ದರು.

ನವಾಬನ ಹಣೆಯ ಮೇಲೆ ಗಾಜು ಸೀಳಿತ್ತು. ಒಂದು ಭಾನುವಾರ ಹೊಸ ಗಾಜು ಹಾಕಿಸೋಣವೆಂದು ಚೌಕಟ್ಟು ಬಿಚ್ಚಿದೆ. ಗಾಜು ಕೈಗೆ ಬಂತು. ಸೀಳು ಮಾತ್ರ ಹಣೆಯ ಮೇಲೇ ಉಳಿಯಿತು. ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದರೆ ನೆಟ್ಟಗಿನ ಕಪ್ಪು ಗೆರೆ. ಪೂಜೆಯಾದ ಮೇಲೆ ನಮ್ಮ ಮಾಧ್ವ ಗಂಡಸರು ಹಚ್ಚಿಕೊಳ್ಳುವ ಅಂಗಾರ. ಯಾವ ನವಾಬ ಅದನ್ನು ಹಚ್ಚಿಕೊಂಡಾನು? ಪೇಟ, ಶೇರ್ವಾನಿಯಾದರೆ ದರ್ಬಾರಿಗೆ ಹೋಗುವ ನೌಕರರೂ ತೊಡುತ್ತಿದ್ದರು.

ಕಣ್ಣರೆಪ್ಪೆಯ ಕೂದಲನ್ನೂ ಬಿಡದೆ ಬರೆದಿದ್ದ ಆ ಚಿತ್ರಕಾರ. ಎಡಗಣ್ಣಿನ ರೆಪ್ಪೆ ತುಸು ಇಳಿಬಿದ್ದಿತ್ತು, ಅತ್ತೆಯದರಂತೆಯೇ. ಅರ್ಧ ನಿದ್ದೆಯಲ್ಲಿದ್ದೀರಿ ಎಂದು ನಾವು ಅವರನ್ನು ಛೇಡಿಸುತ್ತಿದ್ದುದು ಆ ಕಣ್ಣಿಗೇ.

ಚಿತ್ರವನ್ನು ಅತ್ತೆಯ ಕೈಗಿಟ್ಟೆ. ಬಹಳ ಹೊತ್ತು ನೋಡಿದರು. ಸೆರಗನ್ನು ಹೊದ್ದುಕೊಂಡರು.

"ಅಜ್ಜನ್ನ ಚಪ್ಪಲಿ ಮ್ಯಾಲ ಕೂಡಿಸಿದ್ವಲ್ಲೋ" ಎಂದರು. ಆಮೇಲೆ ಚಿತ್ರವನ್ನು ನನ್ನ ಕೈಗೆ ಮರಳಿಸಿ, "ಅಂಗಾರದ ಕೆಳಗ ಅಕ್ಷತಿ ಅದ ಏನು, ಸರಿಯಾಗಿ ನೋಡು."

"ಇಲ್ಲ ಅತ್ತಿ. ಬರೇ ಗೆರಿ."

"ಹಂಗಾರ ಅವತ್ತು ಏಕಾದಶಿ. ಉಪವಾಸ ಇದ್ದು ಕೂತಾರ."

ಅಕ್ಷತೆಯೆಂದರೆ ಅಂಗಾರದ ಕೆಳಗಿಡುವ ಕೆಂಪು ಬೊಟ್ಟು; ಏಕಾದಶಿಗೆ ಅದಿಲ್ಲ, ಅಂಗಾರ ಮಾತ್ರ. ನನಗೂ ಗೊತ್ತಿದ್ದದ್ದೇ, ಹೊಳೆದಿರಲಿಲ್ಲ. ಶತಮಾನದ ಹಿಂದೆ ಈ ಊರಿನ ಯಾವುದೋ ಕೋಣೆಯಲ್ಲಿ ನೀರೂ ಕುಡಿಯದೆ ನೆಟ್ಟಗೆ ಕುಳಿತ ನಮ್ಮವರೊಬ್ಬರು ಈಗ ನನ್ನ ಅಂಗೈಯಲ್ಲಿದ್ದರು.

ಮರುದಿನ ಬೆಳಿಗ್ಗೆ ಏಳುವಷ್ಟರಲ್ಲಿ ಅಗಸೆ ಸೊಪ್ಪಿನ ಪಲ್ಯದ ವಾಸನೆ. ಅತ್ತೆ ಚಿತ್ರವನ್ನು ದೇವರ ಕೋಣೆಯಲ್ಲಿ ಮಣೆಯ ಮೇಲೆ ಕೂರಿಸಿ ಮುಂದೆ ಎಲೆ ಹಾಕಿದ್ದರು. ಏಕಾದಶಿಯ ಉಪವಾಸ ಬಿಡುವ ಪಾರಣೆಯ ಅಡುಗೆ.

"ಇವತ್ತು ದ್ವಾದಶಿ ಅಲ್ಲಲ್ರಿ, ಅತ್ತಿ?"

"ನಮಗಲ್ಲ" ಎಂದು ಅತ್ತೆ ಎಲೆಯ ಮೇಲೆ ತುಪ್ಪ ಬಡಿಸಿದರು. "ಅವರು ಅವತ್ತಿಂದ ಹಂಗೇ ಕೂತಾರ. ಉಣ್ಣಲಿ."