ಬಿಲ್ಲೆ ಅಕ್ಕ ಮತ್ತು ಕಾಣದ ಬೆಳಕು

ನಮ್ಮ ಪ್ರಯೋಗಾಲಯದಲ್ಲಿ ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನ ಯಂತ್ರವನ್ನು ನೋಡಿಕೊಳ್ಳುವ ಹಿರಿಯ ಸಹಾಯಕಿಯನ್ನು ಎಲ್ಲರೂ ಬಿಲ್ಲೆ ಅಕ್ಕ ಎನ್ನುತ್ತಾರೆ. ನಾವು ತರುವ ಚಿಟಿಕೆ ಪುಡಿಯನ್ನು ಒಂದು ಬಗೆಯ ಉಪ್ಪಿನೊಡನೆ ಅರೆದು, ಒತ್ತಿ, ಗಾಜಿನಂಥ ಬಿಲ್ಲೆ ಮಾಡಿ ಬೆಳಕಿಗೊಡ್ಡುವುದು ಅವರ ಕೆಲಸ. "ಮನೇಲೂ ಅರೆಯೋದೇ, ಇಲ್ಲೂ ಅರೆಯೋದೇ. ಇಲ್ಲಿ ಮಾತ್ರ ಯಾರೂ ಉಪ್ಪು ಜಾಸ್ತಿ ಆಯ್ತು ಅನ್ನಲ್ಲ," ಎಂದು ನಗುತ್ತಾರೆ. ಅಣುವಿನೊಳಗಿನ ಬಂಧಗಳು ಅವರಿಗೆ ನೆಂಟರಷ್ಟು ಪರಿಚಿತ. "ಒಂದೊಂದೂ ಸ್ಪ್ರಿಂಗ್ ಕಣೇ. ತನ್ನ ತಾಳಕ್ಕೆ ಹೊಂದೋ ಬೆಳಕನ್ನಷ್ಟೇ ನುಂಗಿ ಕುಣಿಯುತ್ತೆ, ಉಳಿದದ್ದನ್ನ ಹಾಗೇ ಬಿಟ್ಟುಬಿಡುತ್ತೆ." ಯಂತ್ರ ಬರೆದ ಗೆರೆಯಲ್ಲಿ, ಬೆಳಕು ನುಂಗಿಹೋದ ಕಡೆ ಬಿದ್ದ ಒಂದು ತಗ್ಗಿನ ಮೇಲೆ ಬೆರಳಿಟ್ಟು, "ನೋಡು, ಇಂಗಾಲ ಆಮ್ಲಜನಕವನ್ನ ಎರಡೂ ಕೈಲಿ ಹಿಡ್ಕೊಂಡಿದೆ," ಎಂದರೆ, ಕಾಣದ ಬೆಳಕು ಕಾಣದ ನಂಟನ್ನು ತೋರಿಸಿತಲ್ಲ ಎಂದು ನನಗೆ ಮೈ ಜುಮ್ಮೆನ್ನುತ್ತದೆ. ನನ್ನ ಮೂರು ವರ್ಷದ ಸಂಶೋಧನೆಯೆಲ್ಲ ಅಂಥ ಒಂದೇ ತಗ್ಗಿನ ಮೇಲೆ ನಿಂತಿದ್ದ ದಿನ, ಅವರು ಮೊದಲು ಬಿಲ್ಲೆಯನ್ನೇ ಇಡದೆ ಯಂತ್ರ ಓಡಿಸಿದರು. ಬರೀ ಗಾಳಿಯ ಗೆರೆಯಲ್ಲೂ ಆಳವಾದ ತಗ್ಗುಗಳು! "ಇದೇನಕ್ಕಾ?" ಎಂದೆ ಗಾಬರಿಯಿಂದ. "ನನ್ನ ಉಸಿರು. ಬೆಳಗ್ಗೆಯಿಂದ ಈ ಕೋಣೇಲೇ ಇದೀನಲ್ಲ, ಅದರ ಬಂಧಗಳೂ ಬೆಳಕು ನುಂಗ್ತವೆ. ನಿನ್ನ ಪುಡಿಯ ಗೆರೆಯಿಂದ ಇದನ್ನ ಕಳೆದ ಮೇಲೇ ನಿನ್ನದು ಸರಿಯಾಗಿ ಕಾಣೋದು." ಬಿಲ್ಲೆ ಇಟ್ಟು ಗುಂಡಿ ಒತ್ತಿದರು. ನನಗೆ ಬೇಕಿದ್ದ ತಗ್ಗು ಬೇಕಿದ್ದ ಜಾಗದಲ್ಲೇ ಮೂಡಿತು. ಅಕ್ಕ ಕೆಲಸಕ್ಕೆ ಸೇರಿದ ಈ ಇಪ್ಪತ್ತೆರಡು ವರ್ಷಗಳಲ್ಲಿ ಇಲ್ಲಿಂದ ಹೊರಟ ಪ್ರತಿ ಪ್ರಬಂಧದಲ್ಲೂ ಕಳೆದುಹಾಕಿದ್ದು ಈ ಹೆಂಗಸಿನ ಉಸಿರು ಎಂದು ಆಗ ಹೊಳೆಯಿತು. "ಅಕ್ಕಾ, ಆ ಖಾಲಿ ಗೆರೇನೂ ಪ್ರಿಂಟ್ ಹಾಕಿಕೊಡಿ." "ಅದನ್ನ ಎಲ್ಲಿ ಹಾಕ್ತೀಯೇ?" "ನನ್ನ ಪ್ರಬಂಧದ ಮೊದಲನೇ ಪುಟಕ್ಕೆ."