ಹದಿನೆಂಟು ಪ್ರಶ್ನೆ, ಒಂದು ಸೂಜಿ

ಖಾನಾಪುರದಿಂದ ಬೆಳಗಾವಿಗೆ ಇಪ್ಪತ್ತಾರು ಕಿಲೋಮೀಟರ್. ನಾವು ಹತ್ತಿದ ಬಸ್ಸು ಹದಿಮೂರನ್ನು ರಸ್ತೆಯ ಮೇಲೆ ಓಡಿತು, ಉಳಿದದ್ದನ್ನು ಗಾಳಿಯಲ್ಲಿ. ಹೆಂಗಸರಿಗೆ ಟಿಕೆಟ್ ಉಚಿತವಾದ್ದರಿಂದ ದೂರುವ ಹಾಗೂ ಇರಲಿಲ್ಲ. ಕಿಟಕಿಯ ಬಳಿ ಕಾಕು, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಅರ್ಧ ಖಾನಾಪುರದ ಜಂಪರು ಹೊಲಿದವಳು. ಉಳಿದರ್ಧ ಬೇರೆಲ್ಲೋ ಹೊಲಿಸಿ ಉಸಿರು ಬಿಗಿಹಿಡಿದು ಓಡಾಡುತ್ತದೆ.

ಹೋದ ತಿಂಗಳು ಕಾಕುವಿನ ಎದೆಯಲ್ಲಿ ಗಂಟು ಸಿಕ್ಕಿತು, ಕ್ಯಾನ್ಸರ್ ಎಂದು ಗೊತ್ತಾಯಿತು. "ಆಪರೇಷನ್ ಮಾಡಸ್ತೀನಿ, ಕಿಮೊ ಮಾತ್ರ ಒಲ್ಲೆ" ಎಂದು ಹಟ ಹಿಡಿದಿದ್ದಳು. ಕೂದಲಿನ ಆಸೆ ಎಂದು ಮನೆಯವರೆಲ್ಲ ತೀರ್ಮಾನಿಸಿದೆವು. ನಾನು ಪಿಯುಸಿ ವಿಜ್ಞಾನ, ಅಂದರೆ ಮುಕ್ಕಾಲು ಡಾಕ್ಟರು. ಹಾಗಾಗಿ ಇಡೀ ಓಣಿಯ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅವಳ ಜೊತೆ ಹೊರಟಿದ್ದೆ. ಒಟ್ಟು ಹದಿನೇಳು.

ಪೀರನವಾಡಿ ಬರುವಾಗ ಗಟ್ಟಿಯಾಗಿ ಓದಿದೆ: "ಬದನಿಕಾಯಿ ತಿನ್ನಬಹುದೇನ್ರಿ? ಕೂದಲಾ ತಿರುಗಿ ಗುಂಗುರು ಬರತಾವಂತ, ಖರೇನ?"

ಮುಂದಿನ ಸೀಟಿನ ಅಜ್ಜ ಹೊರಳಿ ನೋಡಿದ. "ತಂಗೀ, ನನ್ನ ಮಣಕಾಲ ನೋವೂ ಬರಕೋ."

ಬರೆದುಕೊಂಡೆ. ಹದಿನೆಂಟು.

"ಖೋಡಿ, ಬಾಯಿ ಮುಚ್ಚ" ಎಂದಳು ಕಾಕು. ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಬೆಳಗಾವಿಯ ಸದಾಶಿವನಗರದ ಆಸ್ಪತ್ರೆಯಲ್ಲಿ ಎರಡು ತಾಸು ಕಾದೆವು. ಅಷ್ಟರಲ್ಲಿ ನನಗೆ ಗಡ್ಡ ಬರುವುದೊಂದು ಬಾಕಿ, ಅದೂ ಹುಡುಗಿಯಾದ್ದರಿಂದ ತಪ್ಪಿತು. ಡಾಕ್ಟರಮ್ಮ ಹಾಳೆಯ ಮೇಲೆ ಚಿತ್ರ ಬಿಡಿಸಿದರು.

"ಎರಡು ದಾರಿ ಅದಾವರಿ. ಮೊದಲ ಆಪರೇಷನ್, ಆಮ್ಯಾಲ ಕಿಮೊ. ಇಲ್ಲಾಂದ್ರ ಮೊದಲ ಕಿಮೊ, ಆಮ್ಯಾಲ ಆಪರೇಷನ್. ಗಂಟು ಸಣ್ಣದಾದರ ಇಡೀ ಎದಿ ತಗಿಯೂದು ತಪ್ಪಬಹುದು, ಆದ್ರ ರೇಡಿಯೇಶನ್ ಬೇಕಾಗತೈತಿ. ವಾಂತಿಗೆ ಗುಳಿಗಿ ಅದಾವ. ಜ್ವರ ಬಂದರ ಮಾತ್ರ ಮನ್ಯಾಗ ಕುಂದರಬ್ಯಾಡ್ರಿ, ಆವಾಗಿಂದ ಆವಾಗ ಬರ್ರಿ."

ನಾನು ನೋಟ್‌ಬುಕ್ ತೆರೆದೆ. ಬದನೆಕಾಯಿ ಪಾಸಾಯಿತು. ಕೂದಲು ಸಾಮಾನ್ಯವಾಗಿ ಮರಳಿ ಬರುತ್ತದೆ, ಕೆಲವರಿಗೆ ಗುಂಗುರಾಗಿಯೇ. "ಈ ಮಣಕಾಲು ಯಾರದು?" ಎಂದು ಕೇಳಿದರು ಡಾಕ್ಟರಮ್ಮ. ಬಸ್ಸಿನಲ್ಲಿ ಸಿಕ್ಕಿದ್ದು ಎಂದೆ.

"ಊರ ಮಂದಿ ಪ್ರಶ್ನಿ ಮುಗದವು. ಇವರದು ಎಲ್ಲೈತಿ?"

ಹಾಳೆ ತಿರುವಿದೆ. ಖಾಲಿ. ಹದಿನೆಂಟು ಪ್ರಶ್ನೆ ಬರೆದುಕೊಂಡಿದ್ದೆ, ಕಾಕುವನ್ನೇ ಕೇಳಿರಲಿಲ್ಲ.

ಕಾಕು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು. "ಈ ಔಷಧದಾಗ ಬೆರಳು ಜೋಮ ಹಿಡೀತಾವಂತಲ್ರಿ? ನಾ ಹೊಲಿಗಿ ಮಾಡಾಕಿ."

ಡಾಕ್ಟರಮ್ಮ ಅವಳ ಬೆರಳುಗಳನ್ನೇ ನೋಡಿದರು. "ಕೇಳಿದ್ದು ಚಲೋ ಆತು. ಒಂದು ಔಷಧದಿಂದ ಕೆಲವರಿಗೆ ಆಗತೈತಿ. ಬಹಳ ಮಂದಿಗೆ ಮುಂದ ಕಡಿಮಿ ಆಗತೈತಿ, ಒಬ್ಬೊಬ್ಬರಿಗೆ ಸ್ವಲ್ಪ ಉಳೀತೈತಿ. ಸುಳ್ಳು ಹೇಳಂಗಿಲ್ಲ. ಆದ್ರ ಶುರು ಆದ ಕೂಡಲೇ ಹೇಳಿದ್ರ ಡೋಸ್ ಕಡಿಮಿ ಮಾಡಬಹುದು, ಔಷಧಾನೂ ಬದಲಿಸಬಹುದು."

"ಶುರು ಆಗಿದ್ದು ಹೆಂಗ ತಿಳೀತೈತ್ರಿ?"

"ಗುಂಡಿ ಹಾಕಾಕ, ಸೂಜಿ ಹಿಡಿಯಾಕ ತ್ರಾಸ ಆಗತೈತಿ."

"ಸೂಜೀನಾ? ಹಂಗಾರ ನಿಮಗಿಂತ ಮೊದಲ ನನಗ ತಿಳೀತೈತಿ ಬಿಡ್ರಿ" ಎಂದು ಕಾಕು ನಕ್ಕಳು. ಆ ತಿಂಗಳಲ್ಲಿ ಅದೇ ಮೊದಲ ನಗು.

ನೇರ ಮನೆಗೆ ಎಂದುಕೊಂಡಿದ್ದೆ. ಕಾಕು ರವಿವಾರ ಪೇಟೆಗೆ ಎಳೆದೊಯ್ದಳು. ಒಂದು ಹಸಿರು ದಾರಕ್ಕಾಗಿ ಐದು ಅಂಗಡಿಯ ಹಸಿರುಗಳನ್ನೆಲ್ಲ ಬಿಸಿಲಿಗೆ ಹಿಡಿದು ನೋಡಿದಳು. ನನ್ನ ಕಾಲುಗಳು ಆ ಅಜ್ಜನ ಮಣಕಾಲಿನ ಪರ ವಾದಿಸತೊಡಗಿದವು.

ಮರಳುವ ಬಸ್ಸಿನಲ್ಲಿ ಕಾಕು ಪರ್ಸಿನಿಂದ ಸೂಜಿ ತೆಗೆದಳು. ಹೊಸ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಬಸ್ಸು ಹೊಂಡಕ್ಕೆ ಹಾರಿದ ಹೊತ್ತಿಗೇ ಪೋಣಿಸಿಬಿಟ್ಟಳು.

"ನೀ ಮಾಡ ನೋಡೂಣು, ಡಾಕ್ಟರ."

ಏಳು ಸಲ ತಪ್ಪಿತು. ಎಂಟನೆಯದಕ್ಕೆ ಹೆಬ್ಬೆರಳು ಪೋಣಿಸಿಕೊಂಡೆ.

"ದಿನಾ ಮುಂಜಾನಿ ಪೋಣಸ್ತೀನಿ, ನೀ ಬರೀಬೇಕು" ಎಂದಳು ಕಾಕು. "ಮುಂದಿನ ವಾರ ಡಾಕ್ಟರಮ್ಮಗ ಹೇಳಿಬಿಡೂಣು, ಕಿಮೊ ಮೊದಲ ಅಂತ."

ಖಾಲಿ ಹಾಳೆಯ ಮೇಲೆ ತಾರೀಖು ಹಾಕಿ ಬರೆದೆ: ಕಾಕು, ಒಂದೇ ಸಲಕ್ಕೆ.

ಅವಳು ಬಗ್ಗಿ ನೋಡಿದಳು. "ನಿಂದೂ ಬರಿ."