ನಿಂತ ಬಸ್ಸಿನ ಗಾಜು

ಎಂಬತ್ತರ ದಶಕದ ಆರಂಭದಲ್ಲಿ ನಾನು ಮಣಿಪಾಲದ ಒಂದು ಸಣ್ಣ ಗಾಜಿನ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಬಸ್ಸುಗಳಿಗೆ ಟಫನ್ಡ್ ಗಾಜು ತಯಾರಿಸುತ್ತಿದ್ದೆವು. ಗಾಜನ್ನು ಕುಲುಮೆಯಲ್ಲಿ ಚೆನ್ನಾಗಿ ಕಾಯಿಸಿ, ಗಾಳಿ ಊದಿ ತಟ್ಟನೆ ತಣಿಸಿದರೆ ಅದು ಗಟ್ಟಿಯಾಗುತ್ತದೆ. ಒಡೆದರೂ ಚೂಪಾದ ಚೂರಾಗದೆ ಕಲ್ಲುಸಕ್ಕರೆಯಂತೆ ಉದುರುತ್ತದೆ. ಪ್ರತಿ ಬ್ಯಾಚಿನಿಂದ ಒಂದೆರಡು ಗಾಜು ಆರಿಸಿ, ಮೇಲಿನಿಂದ ಉಕ್ಕಿನ ಗುಂಡು ಬೀಳಿಸಿ, ಕೊನೆಗೆ ಒಡೆದು ಚೂರು ಎಣಿಸುವುದು ನನ್ನ ಕೆಲಸ. ಒಳ್ಳೆಯ ಗಾಜು ಒಡೆಯುವುದಕ್ಕೂ ಸಂಬಳ ಕೊಡುತ್ತಾರೆ ಎಂದು ನನ್ನ ಹೆಂಡತಿ ಮನೆಗೆ ಬಂದವರೆದುರು ತಮಾಷೆ ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ಕಾರ್ಕಳದ ಬಸ್ ಮಾಲೀಕರಾದ ಶೆಟ್ಟರು ತಮ್ಮ ಡ್ರೈವರ್ ವಾಸುವನ್ನು ಕರೆದುಕೊಂಡು ಬಂದರು. ಅವರ ಬಸ್ಸಿಗೆ ಹಾಕಿದ್ದು ನಮ್ಮದೇ ವಿಂಡ್‌ಶೀಲ್ಡ್. ಹಿಂದಿನ ದಿನ ಬಸ್ಸು ಕಾಪುವಿನಲ್ಲಿ ನಿಂತಿದ್ದಾಗ ಅದು ಒಡೆದಿತ್ತು. ರಜೆ ಕೊಡಲಿಲ್ಲವೆಂದು ವಾಸು ಅದೇ ವಾರ ಶೆಟ್ಟರೊಡನೆ ಜಗಳವಾಡಿದ್ದ. ಆ ಸಿಟ್ಟಿಗೆ ಅವನೇ ಒಡೆದನೆಂದು ಅವರು ತೀರ್ಮಾನಿಸಿಬಿಟ್ಟಿದ್ದರು.

"ಈ ಗಾಜು ಸುಮ್ಮನೆ ಒಡೆಯುವುದುಂಟಾ? ಇಲ್ಲ ಅಂತ ಬರೆದು ಕೊಡಿ, ಸಾಕು. ಇವನನ್ನು ಇವತ್ತೇ ಕೆಲಸದಿಂದ ತೆಗೆಯುತ್ತೇನೆ" ಎಂದರು.

"ನಾನು ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದೆ ಧಣಿ. ಶಬ್ದ ಕೇಳಿ ಓಡಿ ಬಂದದ್ದು" ಎಂದ ವಾಸು. ಹನ್ನೆರಡು ವರ್ಷ ಅವರ ಬಸ್ಸು ಓಡಿಸಿದವನು. ಮಾಲೀಕನ ಗಾಜು ಒಡೆದವನೆಂಬ ಹೆಸರು ಬಂದರೆ ಆ ಸೀಮೆಯಲ್ಲಿ ಬೇರೆ ಯಾರೂ ಅವನಿಗೆ ಬಸ್ಸು ಕೊಡುತ್ತಿರಲಿಲ್ಲ.

ನಮ್ಮ ಮ್ಯಾನೇಜರ್ ಕಾಮತರು ಆಗಲೇ ಪೆನ್ನು ತೆಗೆದಿದ್ದರು. "ಬ್ಯಾಚ್ ಪಾಸಾಗಿದೆ. ಇನ್ನೆಂತ ನೋಡ್ಲಿಕ್ಕುಂಟು ಮಾರಾಯ್ರೆ?"

ನನಗೆ ರೇಗಿತು. ಪಾಸಾದದ್ದು ನಾನು ಒಡೆದ ಗಾಜು; ಬಸ್ಸಿಗೆ ಹೋದದ್ದು ಬೇರೆ. ಗಾಜಿನೊಳಗೆ ನಿಕ್ಕೆಲ್ ಸಲ್ಫೈಡಿನ ಒಂದು ಸೂಕ್ಷ್ಮ ಕಣ ಉಳಿದಿದ್ದರೆ ಅದು ತಿಂಗಳುಗಟ್ಟಲೆ ನಿಧಾನವಾಗಿ ಹಿಗ್ಗಿ, ಯಾರೂ ಮುಟ್ಟದೆಯೇ ಗಾಜನ್ನು ಸಿಡಿಸಬಲ್ಲದು. ಗುಂಡು ಬೀಳಿಸಿ ಅದನ್ನು ಹಿಡಿಯಲಾಗದು. ಅದಕ್ಕೆ ಹೀಟ್ ಸೋಕ್ ಪರೀಕ್ಷೆಯೇ ಬೇಕು: ಸಿದ್ಧವಾದ ಗಾಜನ್ನು ಸುಮಾರು ೨೯೦ ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ, ಮುಂದೆಂದೋ ಒಡೆಯಬೇಕಾದದ್ದು ಬಹುಮಟ್ಟಿಗೆ ಅಲ್ಲೇ ಒಡೆಯುತ್ತದೆ.

"ಅದೇ ಬ್ಯಾಚಿನ ಗಾಜು ಗೋದಾಮಿನಲ್ಲಿ ಇನ್ನೂ ಉಂಟು. ಅವನ್ನು ಕಾಯಿಸಿ ನೋಡದೆ ನಾನು ಸಹಿ ಹಾಕುವುದಿಲ್ಲ" ಎಂದೆ. ಕಾಮತರು ಮುಖ ಗಂಟಿಕ್ಕಿಕೊಂಡೇ ಒಪ್ಪಿದರು.

ಗಾಜುಗಳನ್ನು ಕುಲುಮೆಯಲ್ಲಿಟ್ಟು ಮಧ್ಯಾಹ್ನ ದಾಟಿದರೂ ಏನೂ ಆಗಲಿಲ್ಲ. ಶೆಟ್ಟರು ಊಟ ಮುಗಿಸಿ ಬಂದು ಮತ್ತೆ ಕುರ್ಚಿಯಲ್ಲಿ ಕೂತರು. ವಾಸು ಊಟಕ್ಕೆ ಹೋಗದೆ ಗೇಟಿನ ಬಳಿ ಕುಕ್ಕರಗಾಲಲ್ಲಿ ಕೂತಿದ್ದ. ಒಂದೂ ಒಡೆಯದಿದ್ದರೆ ಅವನ ಕೆಲಸ ಹೋದಂತೆಯೇ. ಸಂಜೆಯ ಹೊತ್ತಿಗೆ ಕುಲುಮೆಯೊಳಗೆ ಪಟಾರನೆ ಸದ್ದಾಯಿತು. ತಣಿದ ಮೇಲೆ ಬಾಗಿಲು ತೆರೆದರೆ ಉಳಿದ ಗಾಜುಗಳ ನಡುವೆ ಒಂದು ಪುಡಿಯಾಗಿ ಬಿದ್ದಿತ್ತು.

ಕಾಪುವಿನ ಗಾಜೂ ಹೀಗೆಯೇ ಒಡೆಯಿತೆಂದು ಇದರಿಂದ ಸಾಬೀತಾಗದು, ಆದರೆ ಈ ಬ್ಯಾಚಿನ ಗಾಜು ಯಾರೂ ಮುಟ್ಟದೆ ಒಡೆಯಬಲ್ಲದು ಎಂದು ಬರೆದುಕೊಟ್ಟೆ. ಅದೇ ಬ್ಯಾಚಿನಿಂದ ಬೇರೆ ಬಸ್ಸುಗಳಿಗೆ ಹೋದದ್ದನ್ನೆಲ್ಲ ವಾಪಸು ತರಿಸಿದೆವು.

ಶೆಟ್ಟರು ಕೆಟ್ಟವರಲ್ಲ. ನಾನು ಬರೆದದ್ದನ್ನು ಓದಿ ನೋಡಿ, ಬಸ್ಸಿನ ಕೀಯನ್ನು ವಾಸುವಿನತ್ತ ಚಾಚಿದರು. "ಆಯ್ತು ಮಾರಾಯ, ಬೆಳಿಗ್ಗೆ ಡ್ಯೂಟಿಗೆ ಬಾ."

ವಾಸು ಕೈ ಚಾಚಲಿಲ್ಲ. "ಬೇಡ ಧಣಿ. ನನ್ನ ಒಂದು ಮಾತು ನಂಬಲಿಕ್ಕೆ ನಿಮಗೆ ಇನ್ನೊಂದು ಗಾಜು ಒಡೆಯಬೇಕಾಯಿತು" ಎಂದು ಗೇಟು ದಾಟಿ ಹೋದ.

ಆಮೇಲೆ ಅವನು ಉಡುಪಿಯ ಬೇರೊಬ್ಬರ ಬಸ್ಸಿಗೆ ಸೇರಿದನೆಂದು ತಿಳಿದು ಸಮಾಧಾನವಾಯಿತು. ನಾವು ಬಸ್ಸಿಗೆ ಹೋಗುವ ಪ್ರತಿಯೊಂದು ಗಾಜನ್ನೂ ಕಾಯಿಸಿಯೇ ಕಳಿಸತೊಡಗಿದೆವು. ಗಾಜಿನೊಳಗೆ ಏನಿದೆಯೆಂದು ತಿಳಿಯಲು ಕುಲುಮೆ ಬೇಕು, ಸರಿ. ವಾಸು ಎಂಥವನೆಂದು ತಿಳಿಯಲು ಆ ಹನ್ನೆರಡು ವರ್ಷ ಸಾಕಾಗಬೇಕಿತ್ತು.